ಮೊದಲು ಸಭಾ, ಆಮೇಲೆ ರೂಮು

ಡಿಸೆಂಬರ್ ಮೂರನೇ ವಾರ ಚೆನ್ನೈಗೆ ಹೋಗುವುದು, ಸ್ಟೇಷನ್ನಿನಲ್ಲಿ ಇಳಿದ ಮೇಲೆ ರೂಮು ನೋಡಿಕೊಂಡರಾಯಿತು ಎಂದುಕೊಳ್ಳುವವರು ಆ ಊರಿಗೆ ಸಂಗೀತ ಕೇಳಲು ಮೊದಲ ಸಲ ಹೊರಟವರೇ ಇರಬೇಕು. ಮೈಲಾಪುರದ ಕಪಾಲೀಶ್ವರನ ಗುಡಿ ಸುತ್ತಲಿನ ಮಾಡ ಬೀದಿಗಳ ಲಾಡ್ಜುಗಳು, ರಾಧಾಕೃಷ್ಣನ್ ಸಾಲೈಯ ದೊಡ್ಡ ಹೋಟೆಲುಗಳು, ಆಳ್ವಾರ್‌ಪೇಟೆಯ ಸರ್ವಿಸ್ ಅಪಾರ್ಟ್‌ಮೆಂಟುಗಳು ಅಷ್ಟು ಹೊತ್ತಿಗೆ ಭರ್ತಿಯಾಗಿರುತ್ತವೆ. ಅಮೆರಿಕದಿಂದ, ಸಿಂಗಪುರದಿಂದ, ಆಸ್ಟ್ರೇಲಿಯಾದಿಂದ ಬರುವ ರಸಿಕರಲ್ಲಿ ಕೆಲವರು ಈ ವರ್ಷ ರೂಮು ಖಾಲಿ ಮಾಡುವಾಗಲೇ ಮುಂದಿನ ವರ್ಷಕ್ಕೆ ಹೇಳಿಟ್ಟು ಹೋಗುತ್ತಾರೆ. ಉಳಿದ ರೂಮುಗಳ ಬಾಡಿಗೆ ಅಕ್ಟೋಬರಿನಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು.

ಟ್ರಿಪ್ಲಿಕೇನಿನ ಹಳೆಯ ಲಾಡ್ಜೊಂದರ ಕೌಂಟರಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ಕೂರುತ್ತಿದ್ದರು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಎದುರಿಗೆ ಉದ್ದದ ರಿಜಿಸ್ಟರು, ಹಿಂದಿನ ಗೋಡೆಯಲ್ಲಿ ಬೀಗದ ಕೈಗಳ ಸಾಲು, ಅದರ ಮೇಲೆ ಕಡಗೋಲು ಕೃಷ್ಣನ ಪಟ. ನನ್ನ ಮುಂದೆ ಶಿವಮೊಗ್ಗದ ಗಂಡ ಹೆಂಡತಿ ನಿಂತಿದ್ದರು. ಅವರ ಆಧಾರ್ ಜೆರಾಕ್ಸನ್ನು ತಿರುಗಿಸಿ ನೋಡಿದ ಯಜಮಾನರು ತಮಿಳು ಬಿಟ್ಟು ಕನ್ನಡಕ್ಕೆ ಇಳಿದರು.

‘ಕಚೇರಿ ಕೇಳ್ಲಿಕ್ಕೆ ಬಂದದ್ದಾ? ಯಾವ ಸಭಾ?’

‘ಮ್ಯೂಸಿಕ್ ಅಕಾಡೆಮಿ, ಸಾರ್. ಮತ್ತೆ ನಾರದ ಗಾನ ಸಭಾಕ್ಕೂ ಹೋಗೋಣ ಅಂತ.’

‘ಎಂತ ಮಾರಾಯ್ರೆ, ಹಾಗಾದ್ರೆ ಇಲ್ಲಿ ಯಾಕೆ ರೂಮು ಮಾಡ್ತೀರಿ? ರಾತ್ರಿ ಹತ್ತು ಗಂಟೆಗೆ ಆಟೋದವನ ಹತ್ರ ಚರ್ಚೆ ಮಾಡ್ಲಿಕ್ಕಾ? ಮೊದಲು ಸಭಾ ಯಾವುದು ಅಂತ ನೋಡ್ಬೇಕು, ಆಮೇಲೆ ರೂಮು.’

ಬಂದ ಗಿರಾಕಿಯನ್ನು ತಾನೇ ಬೇರೆ ಕಡೆಗೆ ಸಾಗಹಾಕುವ ಲಾಡ್ಜಿನವರು ಅಪರೂಪ. ಆದರೆ ಅವರು ಹೇಳಿದ್ದು ಲೆಕ್ಕ ಹಾಕಿ ಹೇಳಿದ ಮಾತು. ಡಿಸೆಂಬರಿನ ಚೆನ್ನೈಯಲ್ಲಿ ನೀವು ಎಲ್ಲಿ ಇಳಿದುಕೊಳ್ಳುತ್ತೀರಿ ಎನ್ನುವುದು ಏನು ಕೇಳುತ್ತೀರಿ ಎನ್ನುವುದನ್ನು ನಿರ್ಧರಿಸಿಬಿಡುತ್ತದೆ. ಆ ಊರಿನ ಕಛೇರಿಗಳು ಸಂಜೆಯದೊಂದೇ ಆಟವಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಪ್ರಾತ್ಯಕ್ಷಿಕೆ, ಆಮೇಲೊಂದು ಬೆಳಗಿನ ಕಛೇರಿ, ಮಧ್ಯಾಹ್ನ ಎರಡು, ಸಂಜೆ ನಾಲ್ಕಕ್ಕೊಂದು, ಏಳರ ಹೊತ್ತಿಗೆ ಘಟಾನುಘಟಿಗಳದ್ದು. ನಡುವೆ ರೂಮಿಗೆ ಹೋಗಿ ಒಂದು ಗಂಟೆ ಕಾಲು ಚಾಚಿ ಬರುವಷ್ಟು ಹತ್ತಿರವಿದ್ದವನಿಗೆ ಇಡೀ ದಿನ ದಕ್ಕುತ್ತದೆ. ದೂರದ ಹೋಟೆಲಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಇಳಿದುಕೊಂಡವನಿಗೆ ದಕ್ಕುವುದು ಸಂಜೆಯ ಒಂದೇ ಕಛೇರಿ. ಅದರಲ್ಲೂ ದೇವರನಾಮದ ಹೊತ್ತಿಗೆ ಎದ್ದು ಹೋಗುವ ಅವಸರ.

ಇಷ್ಟಕ್ಕೂ ಡಿಸೆಂಬರೇ ಯಾಕೆ? ಆಗ ಬರುವ ತಮಿಳು ತಿಂಗಳು ಮಾರ್ಗಳಿ, ಎಂದರೆ ನಮ್ಮ ಧನುರ್ಮಾಸ. ನಸುಕಿನ ಪೂಜೆ, ಆಂಡಾಳಿನ ತಿರುಪ್ಪಾವೈ, ಬೀದಿಯಲ್ಲಿ ಭಜನೆ ಇವೆಲ್ಲ ಮೊದಲಿನಿಂದಲೂ ಇದ್ದವು. ಮೈಲಾಪುರದ ಮಾಡ ಬೀದಿಗಳಲ್ಲಿ ಪಾಪನಾಶಂ ಶಿವನ್ ನಡೆಸುತ್ತಿದ್ದ ಮಾರ್ಗಳಿ ಭಜನೆ ಇವತ್ತಿಗೂ ನಿಂತಿಲ್ಲ. ಆದರೆ ಈಗ ನಾವು ‘ಸೀಸನ್’ ಎನ್ನುವುದು ಹುಟ್ಟಿದ್ದು ಭಕ್ತಿಯಿಂದಲ್ಲ, ರಾಜಕೀಯದ ನೆರಳಿನಲ್ಲಿ. 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ಜೊತೆಗೇ ಅಖಿಲ ಭಾರತ ಸಂಗೀತ ಸಮ್ಮೇಳನವೂ ಸೇರಿತು. ಆ ಸಮ್ಮೇಳನದ ಫಲವೇ ಮರುವರ್ಷ, 1928ರಲ್ಲಿ, ಶುರುವಾದ ಮ್ಯೂಸಿಕ್ ಅಕಾಡೆಮಿ. ಕ್ರಿಸ್‌ಮಸ್ ರಜೆಯಲ್ಲಿ ಕೋರ್ಟು ಕಚೇರಿಗಳು ಮುಚ್ಚಿರುತ್ತಿದ್ದದ್ದು ಮೈಲಾಪುರದ ವಕೀಲರಿಗೂ ಗುಮಾಸ್ತರಿಗೂ ಅನುಕೂಲವಾಯಿತು. ಧನುರ್ಮಾಸದಲ್ಲಿ ಮದುವೆ ಮುಂಜಿಗಳಿಲ್ಲ. ಹಾಗಾಗಿ ವಿದ್ವಾಂಸರೂ ಬಿಡುವಾಗಿರುತ್ತಿದ್ದರು, ಅಡುಗೆಯವರೂ ಬಿಡುವಾಗಿರುತ್ತಿದ್ದರು. ಈ ಅಡುಗೆಯವರ ವಿಷಯ ಸಣ್ಣದಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಅದಕ್ಕೂ ಮೊದಲು ಮದರಾಸಿನ ಸಂಗೀತ ಬಹುಪಾಲು ಇದ್ದದ್ದು ಉತ್ತರದ ಜಾರ್ಜ್ ಟೌನಿನಲ್ಲಿ. ವೀಣೆ ಧನಮ್ಮಾಳ್ ಅಲ್ಲಿನ ತಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ನುಡಿಸುತ್ತಿದ್ದರು. ಕೇಳಲು ಬರುತ್ತಿದ್ದವರಲ್ಲಿ ವಿದ್ವಾಂಸರೇ ಹೆಚ್ಚು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ನೆಲೆ ಊರಿದ್ದೂ ಅಲ್ಲೇ. ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿ ಸರ್ಕಾರದ ನಿಷೇಧ ಎದುರಿಸಿದ್ದು, ಆಮೇಲೆ ತಮ್ಮ ಆಸ್ತಿಯನ್ನೆಲ್ಲ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಈ ಹೆಣ್ಣುಮಗಳು. ಇವತ್ತು ಜಾರ್ಜ್ ಟೌನಿನಲ್ಲಿ ನಿಂತರೆ ಕಾಗದದ ಅಂಗಡಿ, ಹಾರ್ಡ್‌ವೇರು, ಕೈಗಾಡಿ, ಸಂಗೀತದ ಸುಳಿವಿಲ್ಲ. ವಕೀಲರು, ಅಧಿಕಾರಿಗಳು ಮನೆ ಕಟ್ಟಿಕೊಂಡು ದಕ್ಷಿಣಕ್ಕೆ ಸರಿದಂತೆ ಸಭೆಗಳೂ ಅವರ ಹಿಂದೆ ಹೋದವು. ಅದೇ ಇವತ್ತಿನ ನಕ್ಷೆ.

ಆ ನಕ್ಷೆಯನ್ನು ಸ್ವಲ್ಪ ನೋಡೋಣ. ಕೆಥೀಡ್ರಲ್ ರಸ್ತೆಯೂ ಟಿಟಿಕೆ ರಸ್ತೆಯೂ ಕೂಡುವಲ್ಲಿ ಮ್ಯೂಸಿಕ್ ಅಕಾಡೆಮಿ. ಟಿಟಿಕೆ ರಸ್ತೆಯಲ್ಲೇ ದಕ್ಷಿಣಕ್ಕೆ ನಡೆದರೆ ನಾರದ ಗಾನ ಸಭಾ. ಅಲ್ಲಿಂದ ಪೂರ್ವಕ್ಕೆ ಹೊರಳಿದರೆ ಮೈಲಾಪುರ: ಮುಸಿರಿ ಸುಬ್ರಹ್ಮಣ್ಯಂ ರಸ್ತೆಯಲ್ಲಿ ಮೈಲಾಪುರ್ ಫೈನ್ ಆರ್ಟ್ಸ್, ಲಸ್ ಕಡೆ ರಾಗಸುಧಾ ಎಂಬ ಪುಟ್ಟ ಹಾಲ್, ಪೂರ್ವ ಮಾಡ ಬೀದಿಯಲ್ಲಿ ಭಾರತೀಯ ವಿದ್ಯಾಭವನ. ಇದಿಷ್ಟೂ ನಡೆದು ಮುಗಿಸಬಹುದಾದ ಜಾಗ. ಟಿ. ನಗರದ ಕೃಷ್ಣ ಗಾನ ಸಭಾ ಮತ್ತು ವಾಣಿ ಮಹಲ್ ಇನ್ನೊಂದು ಗುಂಪು. ಅಲ್ಲಿ ಉಳಿಯುವವರು ರೇಷ್ಮೆ ಸೀರೆಯ ಗಿರಾಕಿಗಳ ಜೊತೆ ರೂಮಿಗೆ ಪೈಪೋಟಿ ನಡೆಸಬೇಕು. ನೂರಿಪ್ಪತ್ತು ವರ್ಷ ದಾಟಿದ ಪಾರ್ಥಸಾರಥಿ ಸ್ವಾಮಿ ಸಭಾ ಹುಟ್ಟಿದ್ದು ಟ್ರಿಪ್ಲಿಕೇನಿನಲ್ಲಿ. ಕಲಾಕ್ಷೇತ್ರ ತಿರುವಾನ್ಮಿಯೂರಿನಲ್ಲಿ, ಸಮುದ್ರದ ಪಕ್ಕ, ಎಲ್ಲಕ್ಕೂ ದೂರ.

ಹಾಗಾಗಿ ಸೀಸನ್ನಿಗೆ ಹೊಸಬರಾದವರಿಗೆ ನನ್ನ ಸಲಹೆ ಮೈಲಾಪುರವೇ. ದೊಡ್ಡ ಹೋಟೆಲು ಬೇಡ ಎನ್ನುವವರಿಗೆ ಗುಡಿಯ ಸುತ್ತ ಸಾಧಾರಣ ಲಾಡ್ಜುಗಳಿವೆ. ಕೇಳಿಕೊಳ್ಳಬೇಕಾದ್ದು ಮೂರು ಪ್ರಶ್ನೆ: ಚೆಕ್‌ಔಟ್ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೋ ಅಥವಾ ಮಧ್ಯಾಹ್ನ ಹನ್ನೆರಡಕ್ಕೋ, ಬಿಸಿನೀರು ಎಷ್ಟು ಹೊತ್ತಿನ ತನಕ, ಕಿಟಕಿ ಬೀದಿಗೆ ತೆರೆಯುತ್ತದೋ ಒಳಗಿನ ಗೋಡೆಗೋ. ಮೂರನೆಯದು ಮುಖ್ಯ. ಧನುರ್ಮಾಸದಲ್ಲಿ ಗುಡಿಯ ಧ್ವನಿವರ್ಧಕ ಸೂರ್ಯನಿಗಿಂತ ಮೊದಲು ಏಳುತ್ತದೆ. ಅದನ್ನು ಕಛೇರಿಯ ಭಾಗವೆಂದು ಒಪ್ಪಿಕೊಳ್ಳುವವರು ಬೀದಿಯ ರೂಮು ಹಿಡಿಯಬಹುದು, ಉಳಿದವರು ಹಿಂದಿನದ್ದು. ಸೆಂಟ್ರಲ್ ಸ್ಟೇಷನ್ನಿಗೆ ಬಂದವರು ಆಟೋ ಹುಡುಕುವ ಬದಲು ರಸ್ತೆ ದಾಟಿ ಪಾರ್ಕ್ ಟೌನಿನಲ್ಲಿ ಮೇಲ್ಸೇತುವೆಯ ಲೋಕಲ್ ರೈಲು ಹತ್ತಿದರೆ ತಿರುಮಯಿಲೈ ಸ್ಟೇಷನ್ನಿನಲ್ಲಿ, ಅಂದರೆ ಮೈಲಾಪುರದ ನಡುಮಧ್ಯದಲ್ಲೇ, ಇಳಿಯುತ್ತಾರೆ. ಸ್ಟೇಷನ್ನು ದೊಡ್ಡದು, ಅರ್ಧ ಖಾಲಿ, ಸ್ವಲ್ಪ ಕತ್ತಲೆ. ಆದರೆ ಟಿಕೆಟ್ಟಿಗೆ ಕೊಡುವ ಕಾಸು ಚಿಲ್ಲರೆಯಷ್ಟೆ.

ಇನ್ನು ರಾಧಾಕೃಷ್ಣನ್ ಸಾಲೈ. ಈ ರಸ್ತೆಯ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಕತೆ ಹೇಳದೆ ಕನ್ನಡಿಗನೊಬ್ಬ ಮುಂದೆ ಹೋಗಲಾಗದು. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೃಷ್ಣರಾಯರು ಮದರಾಸಿನ ಹೋಟೆಲುಗಳಲ್ಲಿ ಕೆಲಸಕ್ಕಿದ್ದು, ಆಮೇಲೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವಸತಿಗೃಹ ತೆರೆದರು. ಬಂಗಲೆಯ ಹೆಸರೇ ಹೋಟೆಲಿಗೂ ಬಂತು. 1952ರಲ್ಲಿ ಎಡ್ವರ್ಡ್ ಎಲಿಯಟ್ಸ್ ರಸ್ತೆಗೆ, ಅಂದರೆ ಈಗಿನ ರಾಧಾಕೃಷ್ಣನ್ ಸಾಲೈಗೆ ಬಂದಾಗ ಅದು ನ್ಯೂ ವುಡ್‌ಲ್ಯಾಂಡ್ಸ್ ಆಯಿತು. ಆಗಿನ ಕಾಲಕ್ಕೆ ಮಡಿವಂತ ಕುಟುಂಬಗಳು ಪರ ಊರಿನಲ್ಲಿ ನೆಂಟರ ಮನೆ ಬಿಟ್ಟು ಬೇರೆ ಕಡೆ ನೀರು ಕುಡಿಯಲೂ ಹಿಂಜರಿಯುತ್ತಿದ್ದವು. ಸ್ವಚ್ಛವಾದ ಕೋಣೆ, ಈರುಳ್ಳಿ ಬೆಳ್ಳುಳ್ಳಿಯ ಅಂಜಿಕೆ ಇಲ್ಲದ ಊಟ, ಕೊಟ್ಟ ದುಡ್ಡಿಗೆ ಲೆಕ್ಕ: ಉಡುಪಿಯವರು ಕೊಟ್ಟದ್ದು ಇಷ್ಟೇ. ಹೊರ ಊರಿನ ರಸಿಕ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಕಛೇರಿ ಕೇಳುವ ಧೈರ್ಯ ಮಾಡಿದ್ದರಲ್ಲಿ ಈ ಕೋಣೆ ಮತ್ತು ಈ ಊಟದ ಪಾಲು ಎಷ್ಟೆಂದು ಯಾರೂ ಬರೆದಿಟ್ಟಂತಿಲ್ಲ. ಸಂಗೀತದ ಇತಿಹಾಸ ಬರೆಯುವವರು ಪೋಷಕರೆಂದರೆ ರಾಜರು, ಜಮೀನ್ದಾರರು, ವಕೀಲರು ಎನ್ನುತ್ತಾರೆ. ಆ ಪಟ್ಟಿಯಲ್ಲಿ ಹೋಟೆಲಿನವರಿಗೂ ಒಂದು ಸಾಲು ಸಲ್ಲಬೇಕು ಎನ್ನುವುದು ನನ್ನ ವಾದ.

ಇದೇ ಕೃಷ್ಣರಾಯರು 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕೆ ಸಂಘದ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರು ಮಾಡಿದರು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ತಿಂಡಿ ಕೊಡುತ್ತಿದ್ದರು. ಕಾರಿಲ್ಲದವರು ಒಳಗೆ ಕೂತು ಒಂದು ಕಾಫಿಗೆ ಅರ್ಧ ದಿನ ಕಳೆಯಬಹುದಿತ್ತು, ಯಾರೂ ಏಳಿ ಎನ್ನುತ್ತಿರಲಿಲ್ಲ. ಹಾಗೆ ಕೂರುತ್ತಿದ್ದವರಲ್ಲಿ ಪಿ.ಬಿ. ಶ್ರೀನಿವಾಸ್ ಒಬ್ಬರು. ತಲೆಗೆ ಟೋಪಿ, ಹೆಗಲಿಗೆ ಶಾಲು, ಜೇಬಿನ ತುಂಬ ಬಣ್ಣ ಬಣ್ಣದ ಪೆನ್ನು. ರಾಜ್‌ಕುಮಾರ್ ತಾವೇ ಹಾಡಲು ತೊಡಗುವ ತನಕ ನಮ್ಮ ಮನೆಮನೆಗಳಲ್ಲಿ ರಾಜ್‌ಕುಮಾರರ ಹಾಡಿನ ದನಿಯಾಗಿದ್ದವರು ಅಲ್ಲಿ ಮೇಜಿಗೆ ಬಾಗಿ ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದರು. ಕನ್ನಡ ಸಿನಿಮಾ ಕೂಡ ಆಗ ಕೋಡಂಬಾಕ್ಕದಲ್ಲೇ ಬೆಳೆಯುತ್ತಿತ್ತು. ಶೂಟಿಂಗು, ರೆಕಾರ್ಡಿಂಗು ಬಹುಪಾಲು ಮದರಾಸಿನಲ್ಲೇ. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಇದೆ. ಉದ್ಯಾನ ಚೆನ್ನಾಗಿಯೇ ಇದೆ, ಅದರ ಬಗ್ಗೆ ತಕರಾರಿಲ್ಲ. ಕಾಫಿ ಇಲ್ಲ, ಅಷ್ಟೆ.

ಅಕಾಡೆಮಿಯ ಒಳಗೂ ನಮ್ಮವರ ಹೆಜ್ಜೆಗುರುತು ಉಂಟು. ಈಗಿನ ಸಭಾಂಗಣಕ್ಕೆ ಅಡಿಗಲ್ಲು ಹಾಕಿದವರು ನೆಹರೂ, 1955ರಲ್ಲಿ. 1962ರ ಡಿಸೆಂಬರಿನಲ್ಲಿ ಅದನ್ನು ಉದ್ಘಾಟಿಸಿದವರು ಮೈಸೂರಿನ ಜಯಚಾಮರಾಜ ಒಡೆಯರ್. ಮೈಸೂರು ವಾಸುದೇವಾಚಾರ್ಯರು 1935ರಲ್ಲಿ ಅಕಾಡೆಮಿಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮುಪ್ಪಿನಲ್ಲಿ ಅವರು ಕಲಾಕ್ಷೇತ್ರಕ್ಕೆ ಬಂದು ನೆಲೆಸಿ ರುಕ್ಮಿಣಿ ದೇವಿಯವರ ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಕಟ್ಟಿದರು. ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ, ಆರ್.ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಬಾಗಿಲ ಬಳಿ ನಿಂತು ಇದನ್ನೆಲ್ಲ ನೆನೆಸಿಕೊಂಡು ಎದೆ ಉಬ್ಬಿಸುವುದು ಸುಲಭ. ಆದರೆ ಒಳಗೆ ಹೋದರೆ ಕಾಣುವುದು ಬೇರೆ: ಇಷ್ಟು ದೊಡ್ಡ ಸೀಸನ್ನಿನಲ್ಲಿ ಕನ್ನಡಕ್ಕೆ ಸಿಗುವ ಜಾಗ ಬಹುಮಟ್ಟಿಗೆ ಕಛೇರಿಯ ಕೊನೆಯ ಹತ್ತು ನಿಮಿಷ. ಮುಖ್ಯ ಕೃತಿ, ರಾಗ-ತಾನ-ಪಲ್ಲವಿ, ತನಿ ಆವರ್ತನ ಎಲ್ಲ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ಒಂದು ಪುರಂದರದಾಸರ ಪದ ಬರುತ್ತದೆ. ಪಾಠ ಶುರುವಾಗುವುದು ದಾಸರು ಹಾಕಿದ ಸರಳೆ ವರಸೆಯಿಂದ, ಕಛೇರಿ ಮುಗಿಯುವುದು ದಾಸರ ಪದದಿಂದ. ನಡುವಿನ ಎರಡು ಗಂಟೆ ತೆಲುಗು, ಸಂಸ್ಕೃತ, ತಮಿಳಿನದು. ತಮಿಳಿಗೂ ಆ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. 1940ರ ದಶಕದಲ್ಲಿ ತಮಿಳ್ ಇಸೈ ಚಳವಳಿ ನಡೆದು, 1943ರಲ್ಲಿ ತಮಿಳ್ ಇಸೈ ಸಂಗಮ್ ಹುಟ್ಟಿ, ಹೋರಾಡಿ ಪಡೆದದ್ದು. ನಾವು ಅಂಥದ್ದೇನೂ ಮಾಡಲಿಲ್ಲ, ಆಮೇಲೆ ಗೊಣಗಿಕೊಂಡೆವು.

ಈಗ ಟಿಕೆಟ್ಟಿನ ವಿಷಯ. ಅಕಾಡೆಮಿಯ ಸಂಜೆಯ ಕಛೇರಿಗಳಿಗೆ ಸೀಸನ್ ಟಿಕೆಟ್ ಹಿಡಿದವರ ಸೀಟುಗಳೇ ಬಹುಪಾಲು. ಕೆಲವು ಮನೆತನಗಳಲ್ಲಿ ಅದು ಹೊಲದ ಪಹಣಿಯಂತೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ದಿನದ ಟಿಕೆಟ್ಟಿಗೆ ಬೆಳಿಗ್ಗೆಯೇ ಸಾಲು ನಿಲ್ಲಬೇಕು. ಆ ಸಾಲಿನಲ್ಲಿ ನಿಲ್ಲುವುದೂ ಒಂದು ಪಾಠಶಾಲೆ. ಮುಂದಿದ್ದ ಮಾಮಿ ನಿನ್ನೆಯ ತೋಡಿಯ ಬಗ್ಗೆ, ಹಿಂದಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು ಎಪ್ಪತ್ತರ ದಶಕದ ತೋಡಿಯ ಬಗ್ಗೆ, ಇಬ್ಬರೂ ನಿಮ್ಮನ್ನು ಸಾಕ್ಷಿಯಾಗಿಟ್ಟುಕೊಂಡು ಮಾತಾಡುತ್ತಾರೆ. ಇಷ್ಟಾದರೂ ಟಿಕೆಟ್ ಸಿಗಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಮಧ್ಯಾಹ್ನದ ಕಛೇರಿಗಳಿಗೆ ಅಕಾಡೆಮಿಯಲ್ಲೂ ಎಷ್ಟೋ ಸಭೆಗಳಲ್ಲೂ ಟಿಕೆಟ್ಟೇ ಇಲ್ಲ. ವಿದ್ಯಾಭವನದಲ್ಲಿ ಪುಕ್ಕಟೆ ಕಛೇರಿಗಳು ನಡೆಯುತ್ತಲೇ ಇರುತ್ತವೆ.

ನನ್ನ ಮಟ್ಟಿಗೆ ಸೀಸನ್ನಿನ ತಿರುಳು ಇರುವುದು ಈ ಮಧ್ಯಾಹ್ನಗಳಲ್ಲಿ. ಹನ್ನೆರಡಕ್ಕೋ ಒಂದೂಮುಕ್ಕಾಲಿಗೋ ಹಾಡುವವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಸಾವಿರದ ಆರುನೂರು ಜನ ಹಿಡಿಸುವ ಸಭಾಂಗಣದಲ್ಲಿ ಒಮ್ಮೊಮ್ಮೆ ಐವತ್ತು ತಲೆ ಇರುವುದಿಲ್ಲ. ಹಾಗೆ ಒಂದು ಮಧ್ಯಾಹ್ನ ಕೇಳಿದ ಹುಡುಗಿಯ ಚಿತ್ರ ಕಣ್ಣಿಗೆ ಕಟ್ಟಿದೆ. ತಂಬೂರಿಯ ಶ್ರುತಿ ಕೂಡುವ ತನಕ ಅವಳ ಎಡಗೈ ಸೆರಗಿನ ಅಂಚನ್ನು ಮಡಿಸುತ್ತಲೇ ಇತ್ತು. ವರ್ಣ ಸ್ವಲ್ಪ ಓಡಿತು. ಎರಡನೇ ಕೃತಿಯಲ್ಲಿ ಪಿಟೀಲಿನ ಹುಡುಗ ಅವಳು ಬಿಟ್ಟ ಒಂದು ಸಂಗತಿಯನ್ನು ಮೆಲ್ಲಗೆ ನುಡಿಸಿ ತೋರಿಸಿದ. ಅವಳು ಅವನ ಕಡೆ ತಿರುಗಿ ನಕ್ಕು ಅದನ್ನೇ ಹಿಡಿದು ಬೆಳೆಸಿದಳು. ಅಲ್ಲಿಂದಾಚೆಗೆ ಕೈ ಸೆರಗು ಬಿಟ್ಟು ತಾಳಕ್ಕೆ ಬಂತು. ಖರಹರಪ್ರಿಯದ ಆಲಾಪನೆಯಲ್ಲಿ ಮೇಲಿನ ಷಡ್ಜದ ಹತ್ತಿರ ಹೋಗಿ ಮುಟ್ಟದೆ ಇಳಿದಾಗ ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ತಾತ ಕಣ್ಣು ತೆರೆಯದೆಯೇ ‘ಭೇಷ್’ ಎಂದರು. ಇಂಥದ್ದು ಸಂಜೆ ಏಳರ ಕಛೇರಿಯಲ್ಲಿ ಸಿಗುವುದಿಲ್ಲ. ಅಲ್ಲಿ ಎಲ್ಲವೂ ಮೊದಲೇ ಪಳಗಿರುತ್ತದೆ, ಎಲ್ಲಿ ಚಪ್ಪಾಳೆ ಬೀಳಬೇಕು ಎನ್ನುವುದೂ.

ತನಿ ಆವರ್ತನ ಶುರುವಾದ ಕೂಡಲೇ ಜನ ಏಳುತ್ತಾರೆ ಎಂಬ ಹಳೆಯ ದೂರು ಇನ್ನೂ ಹಳತಾಗಿಲ್ಲ. ಮೃದಂಗದವರು ಎರಡು ಗಂಟೆ ಕಾದು ಪಡೆದ ಹತ್ತು ಹದಿನೈದು ನಿಮಿಷದಲ್ಲಿ ಅರ್ಧ ಸಭೆ ಕ್ಯಾಂಟೀನಿಗೆ ಸಾಲು ಹಚ್ಚುವುದು ನೋಡಿದರೆ ಸಿಟ್ಟು ಬರುತ್ತದೆ. ಆ ಕ್ಯಾಂಟೀನಿನ ಒಳಗೆ ಹೋದ ಮೇಲೆ ಸಿಟ್ಟು ಸ್ವಲ್ಪ ಇಳಿಯುತ್ತದೆ ಎನ್ನುವುದನ್ನೂ ಹೇಳಬೇಕು.

ಅಡುಗೆಯವರ ಮಾತು ಇಲ್ಲಿಗೆ ಬಂತು. ಮದುವೆ ಇಲ್ಲದ ತಿಂಗಳಿನಲ್ಲಿ ಚೆನ್ನೈನ ದೊಡ್ಡ ದೊಡ್ಡ ಮದುವೆ ಅಡುಗೆ ಗುತ್ತಿಗೆದಾರರು ಸಭೆಗಳ ಹಿತ್ತಲಲ್ಲಿ ಶಾಮಿಯಾನ ಹಾಕಿ ಒಲೆ ಹೂಡುತ್ತಾರೆ. ಮೌಂಟ್‌ಬ್ಯಾಟನ್ನರಿಗೆ ಅಡುಗೆ ಮಾಡಿ ಬಡಿಸಿದ್ದರಿಂದ ಮೌಂಟ್‌ಬ್ಯಾಟನ್ ಮಣಿ ಅಯ್ಯರ್ ಎಂದೇ ಹೆಸರಾದವರ ಮನೆತನದವರೂ ಈ ಪರಂಪರೆಯವರು. ಈ ವರ್ಷ ಯಾವ ಸಭೆಯ ಕ್ಯಾಂಟೀನು ಯಾರಿಗೆ ಹೋಯಿತು ಎನ್ನುವುದು ಯಾರಿಗೆ ಯಾವ ಸ್ಲಾಟು ಸಿಕ್ಕಿತು ಎನ್ನುವಷ್ಟೇ ದೊಡ್ಡ ಸುದ್ದಿ. ಮೊದಲು ಟೋಕನ್ ತೆಗೆದುಕೊಳ್ಳಬೇಕು. ಸಂಜೆ ಮೂರರ ಮೇಲೆ ತಿಂಡಿ: ಬಾಳೆಹೂವಿನ ವಡೆ, ಅಡೆ ಅವಿಯಲ್, ರವೆದೋಸೆ, ಬೂದುಗುಂಬಳದ ಕಾಶಿ ಹಲ್ವ. ಮಧ್ಯಾಹ್ನ ಬಾಳೆಲೆ ಊಟ. ಬಡಿಸುವವರು ಮದುವೆಯ ಪಂಕ್ತಿಯಲ್ಲಿ ಓಡಿದ ಅದೇ ವೇಗದಲ್ಲಿ ಓಡುತ್ತಾರೆ, ಬೇಡ ಎನ್ನುವಷ್ಟರಲ್ಲಿ ಎಲೆಯ ಮೇಲೆ ಬಿದ್ದಿರುತ್ತದೆ. ಅಲ್ಲಿಗೆ ಊಟಕ್ಕೇ ಬರುವವರಿದ್ದಾರೆ, ಕಛೇರಿಗೂ ಅವರಿಗೂ ಸಂಬಂಧವಿಲ್ಲ. ಅವರನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರುವುದಿಲ್ಲ. ಪುಕ್ಕಟೆ ಕಛೇರಿಗಳ ಖರ್ಚು ಎಲ್ಲೋ ಒಂದು ಕಡೆಯಿಂದ ಹುಟ್ಟಬೇಕಲ್ಲ.

ಕ್ಯಾಂಟೀನಿನಿಂದ ಆಚೆ ತಿನ್ನುವವರಿಗೆ ಮೈಲಾಪುರದ ಓಣಿಯಲ್ಲಿ ರಾಯರ್ ಮೆಸ್ ಇದೆ. ಬೋರ್ಡು ಹುಡುಕುವ ಬದಲು ಬೆಳಿಗ್ಗೆ ಕಾಯುತ್ತ ನಿಂತ ಜನರನ್ನು ಹುಡುಕಿದರೆ ಬೇಗ ಸಿಗುತ್ತದೆ. ಮೆತ್ತನೆ ಇಡ್ಲಿ, ಖಾರದ ಗಟ್ಟಿ ಚಟ್ನಿ, ಕೂರಲು ಕೆಲವೇ ಜಾಗ. ಮಾಡ ಬೀದಿಯ ಕಾಳತ್ತಿ ಪೇಪರ್ ಅಂಗಡಿಯಲ್ಲಿ ರೋಸ್‌ಮಿಲ್ಕ್ ಕುಡಿಯಬೇಕು. ಚೆನ್ನೈನ ‘ಚಳಿ’ಗೆ ಮಂಕಿ ಕ್ಯಾಪ್ ಹಾಕಿದ ಮೈಲಾಪುರದವರೇ ಕುಡಿಯುವಾಗ ಮಲೆನಾಡಿನವರಿಗೇನು.

ಇಷ್ಟನ್ನೇ ನೋಡಿ ಚೆನ್ನೈನ ಸಂಗೀತ ಮುಗಿಯಿತು ಎಂದುಕೊಂಡರೆ ಊರಿಗೆ ಅನ್ಯಾಯ. ಯುನೆಸ್ಕೊ 2017ರಲ್ಲಿ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಆದರೆ ಆ ಊರಿನ ಒಂದು ದೊಡ್ಡ ಸಂಗೀತ ಪರಂಪರೆ ಸಭೆಗಳ ಹೊಸ್ತಿಲ ಹೊರಗೇ ಉಳಿದಿತ್ತು. ಉತ್ತರ ಚೆನ್ನೈನ ಕೇರಿಗಳಲ್ಲಿ, ಸಾವಿನ ಮನೆಗಳಲ್ಲಿ ಹಾಡುವ ಗಾನಾ, ಪರೈ ವಾದ್ಯ, ಒಪ್ಪಾರಿ ಎಂಬ ಶೋಕದ ಹಾಡು ಇವುಗಳಿಗೆ ಮಾರ್ಗಳಿಯಲ್ಲಿ ವೇದಿಕೆ ಇರಲಿಲ್ಲ. ನಿರ್ದೇಶಕ ಪ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ 2020ರಲ್ಲಿ ‘ಮಾರ್ಗಳಿಯಿಲ್ ಮಕ್ಕಳಿಸೈ’ ಎಂಬ ಉತ್ಸವ ಶುರು ಮಾಡಿತು. ಹೆಸರಲ್ಲೇ ಸವಾಲಿದೆ, ಮಾರ್ಗಳಿಯಲ್ಲಿ ಜನರ ಸಂಗೀತ ಎಂದು. ಅದಕ್ಕೂ ಮೊದಲೇ ಗಾಯಕ ಟಿ.ಎಂ. ಕೃಷ್ಣ 2015ರಲ್ಲಿ ಸೀಸನ್ನಿನಲ್ಲಿ ಹಾಡುವುದಿಲ್ಲ ಎಂದು ಹೊರಗೆ ಬಂದರು. ಅದೇ ವರ್ಷ ಬೆಸೆಂಟ್ ನಗರದ ಪಕ್ಕದ ಊರೂರ್ ಓಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಹಳ್ಳಿಯಲ್ಲಿ ಬೇರೆಯದೇ ಉತ್ಸವ ಶುರುವಾಗಿತ್ತು. ಅದೇ ಕೃಷ್ಣ ಅವರಿಗೆ 2024ರಲ್ಲಿ ಅಕಾಡೆಮಿ ಸಂಗೀತ ಕಲಾನಿಧಿ ಘೋಷಿಸಿದಾಗ ಎದ್ದ ಗಲಾಟೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆ ಜಗಳದಲ್ಲಿ ನಿಮ್ಮ ಪಕ್ಷ ಯಾವುದೇ ಇರಲಿ, ಒಂದು ಸಂಜೆಯನ್ನು ಆಚೆಯ ಸಂಗೀತಕ್ಕೆ ಮೀಸಲಿಟ್ಟರೆ ನಷ್ಟವಿಲ್ಲ. ಗಾನಾದ ಲಯಕ್ಕೆ ಪಕ್ಕದವರ ಭುಜ ತಾಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಸಭೆಯಲ್ಲಿ ಒಂದು ಪ್ಲಾಸ್ಟಿಕ್ ಕವರು ಸದ್ದು ಮಾಡಿದರೂ ನಾಲ್ಕು ತಲೆ ತಿರುಗುತ್ತವೆ.

ಡಿಸೆಂಬರಿಗೆ ಇನ್ನೊಂದು ಅಪಾಯ ಮಳೆ. ಈಶಾನ್ಯ ಮಾರುತ ಇಳಿಯುತ್ತ ಬರುವ ಕಾಲ, ಆದರೆ ಬಂಗಾಳ ಕೊಲ್ಲಿ ಪಂಚಾಂಗ ನೋಡುವುದಿಲ್ಲ. 2015ರ ಡಿಸೆಂಬರಿನ ಮೊದಲ ವಾರದ ಪ್ರವಾಹ, 2016ರ ವರ್ದಾ, 2023ರ ಮಿಚಾಂಗ್ ಎಲ್ಲವೂ ಸೀಸನ್ನಿನ ಬಾಗಿಲಲ್ಲೇ ಬಂದವು. ಅದಕ್ಕೇ ಡಿಸೆಂಬರ್ ಮೊದಲ ವಾರಕ್ಕೆ ರೂಮು ಕಾದಿರಿಸುವವರು ದುಡ್ಡು ವಾಪಸು ಬರುವಂತೆ ಕಾದಿರಿಸಬೇಕು. ತಗ್ಗಿನ ಬೀದಿಯ ಲಾಡ್ಜಿನಲ್ಲಿ ನೆಲಮಹಡಿಯ ಕೋಣೆ ಕೊಟ್ಟರೆ ಬೇಡ ಎನ್ನಬೇಕು.

ಇಷ್ಟೆಲ್ಲ ಕೇಳಿ ‘ಈ ತಾಪತ್ರಯ ಯಾರಿಗೆ ಬೇಕು, ನಮ್ಮ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಗೆ ಕೂತು ಕೇಳಿದರೆ ಸಾಲದೇ’ ಎನ್ನುವವರಿದ್ದಾರೆ. ಸಾಲುತ್ತದೆ. ಅದೇ ವಿದ್ವಾಂಸರು ಅಲ್ಲಿಗೂ ಬರುತ್ತಾರೆ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಆದರೆ ಬೆಳಗಿನಿಂದ ರಾತ್ರಿಯವರೆಗೆ, ನಡೆಯುವಷ್ಟು ದೂರದಲ್ಲಿ, ಒಂದೇ ದಿನ ಮೂರು ಕಲ್ಯಾಣಿಗಳನ್ನು ಮೂವರ ಬಾಯಲ್ಲಿ ಕೇಳಿ, ಯಾರದು ಹೆಚ್ಚು ಎಂದು ಇಡ್ಲಿಯ ಎದುರು ಜಗಳಾಡುವ ಅವಕಾಶ ಬೇರೆಲ್ಲೂ ಇಲ್ಲ.

ಡಿಸೆಂಬರಿನಲ್ಲಿ ರೂಮು ಸಿಗದವರಿಗೆ ಇನ್ನೂ ಒಂದು ದಾರಿ ಉಂಟು. ಜನವರಿ 1ಕ್ಕೆ ಅಕಾಡೆಮಿಯ ಸಂಗೀತದ ಕಛೇರಿಗಳು ಮುಗಿಯುತ್ತವೆ, ವಿದೇಶದವರು ಗಂಟು ಕಟ್ಟುತ್ತಾರೆ, ಲಾಡ್ಜಿನ ದರ ಇಳಿಯುತ್ತದೆ. ಆ ವಾರ ಅಲ್ಲಿ ನೃತ್ಯೋತ್ಸವ. ಭರತನಾಟ್ಯದ ಪದಂಗಳಲ್ಲಿ ಒಮ್ಮೊಮ್ಮೆ ನಮ್ಮ ವ್ಯಾಸರಾಯರು, ಪುರಂದರದಾಸರು ಕೊನೆಗೆ ಕಾಯದೆ ನಡುವೆಯೇ ಬರುತ್ತಾರೆ. ನರ್ತಕಿ ಬಾಲಸರಸ್ವತಿ ಕನ್ನಡದ ದೇವರನಾಮವೊಂದಕ್ಕೆ ಅಭಿನಯ ಮಾಡಿ ಅದನ್ನು ಲೋಕಪ್ರಸಿದ್ಧ ಮಾಡಿದ್ದು, ಸತ್ಯಜಿತ್ ರಾಯ್ ತಮ್ಮ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಸಮುದ್ರವನ್ನು ಹಿಂದಿಟ್ಟುಕೊಂಡು ಅದನ್ನೇ ಚಿತ್ರೀಕರಿಸಿದ್ದು ಇಲ್ಲಿನವರಿಗೆ ಇನ್ನೂ ನೆನಪಿದೆ. ಸಂಗೀತಕ್ಕೆ ಸಣ್ಣ ಸಭೆಗಳು ಆಮೇಲೂ ಕೆಲವು ದಿನ ತೆರೆದಿರುತ್ತವೆ. ವಾಪಸು ರೈಲಿನ ಟಿಕೆಟ್ಟನ್ನು ಮಾತ್ರ ಪೊಂಗಲ್‌ಗೆ ಎರಡು ದಿನ ಮೊದಲಿನದ್ದಕ್ಕೆ ಮಾಡಿಸಿ. ಹಬ್ಬದ ಹಿಂದಿನ ದಿನ ಸೆಂಟ್ರಲ್ಲಿನಲ್ಲಿ ತಂಬೂರಿ ಹಿಡಿದು ಒಳಗೆ ನುಗ್ಗುವುದಿರಲಿ, ಬರಿಗೈಯಲ್ಲಿ ನುಗ್ಗುವುದೂ ಕಷ್ಟ.